ಗಾಡಿ ಮಾಳಿಗಿ ಹತ್ತಂಗಿಲ್ಲ

ಆರ್ಕಿಟೆಕ್ಚರ್ ಓದಿದವರನ್ನು ಕೇಳಿ ನೋಡಿ, ಲಿಖಿತ ಪರೀಕ್ಷೆಗೆ ಹೆದರಿದೆ ಎನ್ನುವವರು ಸಿಗಲಿಕ್ಕಿಲ್ಲ. ನಮ್ಮ ಜೀವ ಹಿಂಡುವುದು ಜ್ಯೂರಿ. ಸೆಮಿಸ್ಟರ್ ಪೂರ್ತಿ ಕೂತು ಬರೆದ ನಕ್ಷೆಗಳನ್ನು ಗೋಡೆಗೆ ಪಿನ್ನು ಹೊಡೆದು, ಮುಂದೆ ಮಾಡೆಲ್ ಇಟ್ಟು, ಪಕ್ಕದಲ್ಲಿ ನಿಲ್ಲಬೇಕು. ಎದುರಿಗೆ ಇಬ್ಬರೋ ಮೂವರೋ ಕೂತಿರುತ್ತಾರೆ. ಅವರಲ್ಲಿ ಒಬ್ಬರು ಹೊರಗಿನಿಂದ ಬಂದವರು. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಐದು ವರ್ಷದ ಬಿ.ಆರ್ಕ್‌ನಲ್ಲಿ ಬೇರೆ ವಿಷಯ ಹೋದರೆ ಮತ್ತೆ ಬರೆದುಕೊಳ್ಳಬಹುದು. ಸ್ಟುಡಿಯೊ, ಅಂದರೆ ಜ್ಯೂರಿ ನಡೆಯುವ ವಿನ್ಯಾಸದ ವಿಷಯ ಹೋದರೆ ನಮ್ಮ ಕಾಲೇಜಿನಲ್ಲಿ ಮುಂದಿನದಕ್ಕೆ ಬಿಡುತ್ತಿರಲಿಲ್ಲ, ಮರುವರ್ಷ ಅದೇ ಸೆಮಿಸ್ಟರ್ ಬರುವವರೆಗೆ ಕಾಯಬೇಕಿತ್ತು. ಹಾಗೆ ಕಾದವರಲ್ಲಿ ನಾನೂ ಒಬ್ಬಳು. 2016ರ ಡಿಸೆಂಬರಿನಲ್ಲಿ, ಏಳನೆಯ ಸೆಮಿಸ್ಟರಿನ ವಸತಿ ಸ್ಟುಡಿಯೊದಲ್ಲಿ ನನ್ನನ್ನು ಫೇಲ್ ಮಾಡಿದರು.

ನಮ್ಮದು ಗದಗ ಜಿಲ್ಲೆಯ ಸಣ್ಣ ಊರು. ಅಪ್ಪ ಗೌಂಡಿ. ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. 2013ರಲ್ಲಿ ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆ ನಾಟಾ ಬರೆದು ಬೆಂಗಳೂರಿಗೆ ಬಂದೆ. ಫೀಸಿಗೆ ಬ್ಯಾಂಕ್ ಸಾಲ ಸಿಕ್ಕಿತು. ಸಾಮಾನಿಗೆ ಯಾರೂ ಸಾಲ ಕೊಡುವುದಿಲ್ಲ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಮಿನಿ ಡ್ರಾಫ್ಟರು, ಪೆನ್ನುಗಳು, ಮೌಂಟ್ ಬೋರ್ಡು, ಫೋಮ್ ಬೋರ್ಡು, ವಾರಕ್ಕೊಂದು ಪ್ಯಾಕೆಟ್ ಕಟರ್ ಬ್ಲೇಡು. ರಜೆಗೆ ಊರಿಗೆ ಒಯ್ದ ಮಾಡೆಲನ್ನು ಅಪ್ಪ ಅಂಗೈಯಲ್ಲಿ ಹಿಡಿದು ತೂಗಿ ನೋಡಿ, "ರಟ್ಟಿನ ಮನಿಗೆ ಇಷ್ಟು ರೊಕ್ಕ ಆದ್ರ ಇಟ್ಟಂಗಿ ಮನಿಗೆ ಎಷ್ಟವ್ವಾ?" ಎಂದಿದ್ದ. ಸಬ್ಮಿಷನ್ ವಾರಗಳಲ್ಲಿ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ನಿದ್ದೆಗೆಟ್ಟ ಕೈಗೆ ಬ್ಲೇಡು ಕೊಟ್ಟರೆ ಏನಾಗುತ್ತದೋ ಅದು ನಮ್ಮ ತರಗತಿಯ ಬಹುತೇಕರ ಎಡಗೈ ಬೆರಳಿಗೆ ಆಗಿದೆ. ಇದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಚಾಳಿ ನಮ್ಮ ಓದಿನಲ್ಲಿದೆ, ಅಧ್ಯಾಪಕರಲ್ಲಂತೂ ಇನ್ನೂ ಹೆಚ್ಚು. ನನಗೆ ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಕಂಡಿಲ್ಲ.

ಏಳನೆಯ ಸೆಮಿಸ್ಟರಿಗೆ ಕೊಟ್ಟ ಸೈಟು ರೈಲು ಹಳಿ ಬದಿಯ ಒಂದು ಕೊಳೆಗೇರಿ. ಸುಮಾರು ಎರಡೂವರೆ ಎಕರೆ, ಮುನ್ನೂರರ ಆಸುಪಾಸು ಮನೆ. ಅಲ್ಲಿಯವರಿಗೆ ಅಲ್ಲಿಯೇ ಹೊಸ ಮನೆಗಳನ್ನು ವಿನ್ಯಾಸ ಮಾಡಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಅದರಲ್ಲಿ ಬಡವರ ಮನೆಗೆ ಹೇಳಿದ್ದ 30 ಚದರ ಮೀಟರನ್ನೇ ನಮಗೂ ಕೊಟ್ಟರು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿದೆವು. ಒಂದೇ ವಾಸದ ಕೋಣೆಯ ಮನೆಯಾದರೆ ಆ ಕೋಣೆ 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರಿಗೆ ಕಡಿಮೆ ಇರಬಾರದು. ಆಮೇಲೆ ಹೋಗಿ ಅಳೆದರೆ ಅಲ್ಲಿನ ಶೆಡ್ಡುಗಳು ಹತ್ತಡಿಗೆ ಹನ್ನೆರಡಡಿ, ಅಂದರೆ 11 ಚದರ ಮೀಟರು! ವಿಸ್ತೀರ್ಣದ ಲೆಕ್ಕದಲ್ಲಿ ಆರು ಜನ ಮಲಗುವ ಆ ತಗಡಿನ ಕೋಣೆ ಪಾಸು.

ನಾವು ಟೇಪ್ ಹಿಡಿದು ಓಣಿಗೆ ಕಾಲಿಟ್ಟಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಮುದುಕರೊಬ್ಬರು ಬಾಗಿಲಲ್ಲೇ ಕೂತು, "ಹ್ವಾದ ವರ್ಷನೂ ಬಂದಿದ್ರು. ಬಾಗಲಾ ಅಳದ್ರು, ಫೋಟೊ ಹೊಡಕೊಂಡ್ರು, ಹ್ವಾದ್ರು. ನಿಮ್ದು ಎಷ್ಟನೇತ್ತ?" ಎಂದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಗಂಡಸರು ಕಟ್ಟಡದ ಕೂಲಿ, ಹೆಂಗಸರು ಮನೆಗೆಲಸ, ಗಾರ್ಮೆಂಟ್ಸು, ತರಕಾರಿ ವ್ಯಾಪಾರ. ನನ್ನ ಗುಂಪಿನಲ್ಲಿ ಅವರ ಮಾತು ಪೂರ್ತಿ ತಿಳಿಯುತ್ತಿದ್ದದ್ದು ನನಗೊಬ್ಬಳಿಗೇ. ಹಾಗಾಗಿ ಪ್ರಶ್ನಾವಳಿ ನನ್ನ ತಲೆಗೆ ಬಂತು. 'ನಿಮಗೆ ಯಾವ ಬಗೆಯ ಸಾರ್ವಜನಿಕ ಜಾಗ ಬೇಕು?' ಎಂಬುದು ಹನ್ನೊಂದನೆಯ ಪ್ರಶ್ನೆ. ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ನಿಂತ ಹೆಂಗಸಿಗೆ ಇದನ್ನು ಕೇಳುವಾಗ ನಾಲಿಗೆ ತಡೆಯುತ್ತಿತ್ತು.

ಆ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು ಒಬ್ಬ ಅಕ್ಕನ ಮನೆಯಲ್ಲಿ ಕೂತೆ. ಅವರದು ತಳ್ಳುಗಾಡಿ ವ್ಯಾಪಾರ. ಸೊಪ್ಪು, ನಿಂಬೆಹಣ್ಣು, ಹಸಿಮೆಣಸಿನಕಾಯಿ. ಬೆಳಗಿನ ಜಾವ ಮೂರೂವರೆಗೆ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗಬೇಕು. ಮನೆಯೊಳಗಿನ ಕಬ್ಬಿಣದ ಮಂಚದ ನಾಲ್ಕೂ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಮಂಚದ ಕೆಳಗೆ ಅಕ್ಕಿ, ಪಾತ್ರೆ, ಮಗಳ ಪುಸ್ತಕದ ಟ್ರಂಕು, ಮತ್ತೆ ಒದ್ದೆ ಗೋಣಿಚೀಲ ಹೊದಿಸಿದ ಹಿಂದಿನ ದಿನದ ಸೊಪ್ಪು. ಬಾಗಿಲ ಹೊರಗೆ 200 ಲೀಟರಿನ ನೀಲಿ ಡ್ರಮ್ಮು. ಅದರ ಪಕ್ಕ ಆರಡಿಗೆ ಮೂರಡಿಯ ಗಾಡಿ, ಕರೆಂಟು ಕಂಬಕ್ಕೆ ಸರಪಳಿ ಹಾಕಿ ಬೀಗ. ನಾನು ಅಳತೆಯ ಜೊತೆಗೆ ಹೊತ್ತನ್ನೂ ಬರೆದುಕೊಂಡೆ. ಯಾವ ಹೊತ್ತಿಗೆ ಯಾರು ಎಲ್ಲಿ ಮಲಗುತ್ತಾರೆ, ಒಲೆ ಎಲ್ಲಿ ಬರುತ್ತದೆ, ಗಾಡಿ ಯಾವಾಗ ಒಳಮುಖ ತಿರುಗುತ್ತದೆ ಎಂದು. ನಾಲ್ಕಂತಸ್ತಿನ ಕಟ್ಟಡ ಆಗಬಹುದು, ನಿಮಗೆ ಮೇಲಿನ ಮನೆ ಬಂದರೂ ಬರಬಹುದು ಎಂದಾಗ ಅಕ್ಕ ಸೊಪ್ಪಿನ ಕಟ್ಟು ಬಿಚ್ಚುತ್ತಲೇ ಹೇಳಿದರು: "ನಾ ಹತ್ತತೀನಿ, ಕಾಲ ಅದಾವು. ಗಾಡಿ ಮಾಳಿಗಿ ಹತ್ತಂಗಿಲ್ಲ ತಂಗಿ."

ಆ ಓಣಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳಿದ್ದವು.

ಆ ಸೆಮಿಸ್ಟರಿನಲ್ಲಿ ನಗರವೂ ನೆಟ್ಟಗಿರಲಿಲ್ಲ. ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬಸ್ಸುಗಳು ಉರಿದವು, ಕರ್ಫ್ಯೂ ಬಿತ್ತು, ಸ್ಟುಡಿಯೊ ನಿಂತಿತು. ಅಕ್ಟೋಬರ್ 16ರ ಭಾನುವಾರ ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗೆ ಉಕ್ಕಿನ ಸೇತುವೆ ಬೇಡವೆಂದು ಸಾವಿರಾರು ಜನ ಕೈಕೈ ಹಿಡಿದು ನಿಂತರು. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದ ಯೋಜನೆ ಅದು. ನಮ್ಮ ತರಗತಿಯವರೂ ಫಲಕ ಬರೆದುಕೊಂಡು ಹೋದೆವು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನಗರ ಯೋಜನೆಯ ಪಾಠದಲ್ಲಿ 'ಜನರ ಸಹಭಾಗಿತ್ವ' ಎಂದು ಓದಿದ್ದನ್ನು ಕಣ್ಣಾರೆ ಕಂಡದ್ದು ಆ ಭಾನುವಾರವೇ. ಇಂಗ್ಲಿಷ್ ಬಲ್ಲವರು, ಭಾನುವಾರ ಬಿಡುವಿರುವವರು ಸೇರಿದರೆ ಸರ್ಕಾರಕ್ಕೆ ಕೇಳಿಸುತ್ತದೆ. ಹಳಿ ಬದಿಯವರಿಗೆ ಭಾನುವಾರವೇ ಹೆಚ್ಚು ವ್ಯಾಪಾರ.

ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದವು. ಸಬ್ಮಿಷನ್ನಿಗೆ ಕೆಲವೇ ವಾರ ಉಳಿದಿತ್ತು. ಎಟಿಎಂನಲ್ಲಿ ಮೊದಮೊದಲು ದಿನಕ್ಕೆ 2,000 ಮಾತ್ರ, ಅದೂ ಸಾಲು ಮುಗಿಯುವಷ್ಟರಲ್ಲಿ ಖಾಲಿ. ಎ-1 ಹಾಳೆ ಪ್ರಿಂಟ್ ಹಾಕುವ ಅಂಗಡಿಯವನು ಹಳೇ ನೋಟು ಮುಟ್ಟಲೊಲ್ಲ, ಕಾರ್ಡಿನ ಯಂತ್ರ ಅವನಲ್ಲಿಲ್ಲ. ಓಣಿಗೆ ಹೋದರೆ ನಡುಹಗಲಲ್ಲಿ ಗಂಡಸರೆಲ್ಲ ಮನೆಯಲ್ಲಿದ್ದರು. ಮೇಸ್ತ್ರಿಗಳ ಕೈಯಲ್ಲಿ ಕೂಲಿ ಕೊಡಲು ಹೊಸ ನೋಟಿಲ್ಲ, ಕೆಲಸ ನಿಂತಿತ್ತು. ಅಷ್ಟೂ ತಿಂಗಳಲ್ಲಿ ಅವರೆಲ್ಲ ಒಟ್ಟಿಗೆ ಸಿಕ್ಕಿದ್ದು ಆಗ ಮಾತ್ರ. ಅಕ್ಕನ ಖಾಲಿ ಗಾಡಿಯ ಮೇಲೆ ನಕ್ಷೆ ಹಾಸಿ ನಾಲ್ಕೂ ಮೂಲೆಗೆ ತೂಕದ ಬಟ್ಟು ಇಟ್ಟೆ.

ನಾನು ಮಾಡಿದ್ದು ಸರಳ ಲೆಕ್ಕ. 30 ಚದರ ಮೀಟರಿನ ಮುನ್ನೂರು ಮನೆಗೆ 9,000 ಚದರ ಮೀಟರು. ಗೋಡೆ, ಮೆಟ್ಟಿಲು, ಓಡಾಟ ಸೇರಿಸಿ ಮೂರು ಅಂತಸ್ತಿನಲ್ಲಿ ಹಂಚಿದರೆ ಜಾಗದ ಅರ್ಧದೊಳಗೆ ಕಟ್ಟಡ ಮುಗಿಯುತ್ತದೆ. ಲಿಫ್ಟ್ ಬೇಡ. ನೆಲದ ಮನೆಗಳು ಗಾಡಿಯವರಿಗೆ, ವಯಸ್ಸಾದವರಿಗೆ. ಬಾಗಿಲ ಮುಂದೆ ಗಾಡಿ ನಿಲ್ಲುವಷ್ಟು ಜಗಲಿ. ಮೇಲಿನ ಮನೆಗಳ ಮುಂದೆ ಡ್ರಮ್ಮು ಇಟ್ಟೂ ಇಬ್ಬರು ದಾಟುವಷ್ಟು ಅಗಲದ ಪಡಸಾಲೆ. ಬಚ್ಚಲು, ಪಾಯಿಖಾನೆ, ಒಲೆಕಟ್ಟೆ, ಒಂದು ಕೋಣೆ ಕಟ್ಟಿ ಕೊಟ್ಟು, ಉಳಿದ ಮೂರನೆಯ ಒಂದು ಭಾಗಕ್ಕೆ ನೆಲ, ಸೂರು ಮಾತ್ರ. ಕೈಗೆ ದುಡ್ಡು ಬಂದಾಗ ಅವರೇ ಗೋಡೆ ಎಬ್ಬಿಸಿಕೊಳ್ಳಲಿ. ಇದು ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. ಇಂದೋರಿನ ಅರಣ್ಯ ಎಂಬ ಬಡಾವಣೆಯಲ್ಲಿ ಆರ್ಕಿಟೆಕ್ಟ್ ಬಿ.ವಿ. ದೋಶಿ ಅತಿ ಬಡವರಿಗೆ 35 ಚದರ ಮೀಟರಿನ ನಿವೇಶನ ಇಟ್ಟು, ಪಾಯ, ನೀರು, ಶೌಚಾಲಯ ಕೊಟ್ಟು ಉಳಿದದ್ದನ್ನು ಅವರಿಗೇ ಬಿಟ್ಟಿದ್ದರು. ಅದಕ್ಕೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂದಿತ್ತು. ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಏಳೇಳು ಮನೆಗಳನ್ನು ಎಂಟು ಮೀಟರಿನ ಒಂದು ಅಂಗಳದ ಸುತ್ತ ಜೋಡಿಸಿದ್ದನ್ನೂ ನೋಡಿಕೊಂಡಿದ್ದೆ.

ಗಾಡಿಯ ಸುತ್ತ ನಿಂತವರಿಗೆ ದೋಶಿ ಗೊತ್ತಿರಲಿಲ್ಲ, ನಕ್ಷೆ ಗೊತ್ತಿತ್ತು. ಅವರಲ್ಲಿ ಅರ್ಧ ಜನ ದಿನಾ ಕಟ್ಟಡದಲ್ಲೇ ದುಡಿಯುವವರು. ಪಾಯಿಖಾನೆ ಬಾಗಿಲು ಒಲೆಗೆ ಎದುರಾಗಿದೆ, ತಿರುಗಿಸು ಎಂದರು. ಮೆಟ್ಟಿಲ ತಿರುವಿನಲ್ಲಿ ಹೆಣ ಇಳಿಸಲು ಆಗುವುದಿಲ್ಲ ಎಂದು ಒಬ್ಬ ಸೆಂಟ್ರಿಂಗ್ ಕೆಲಸದವ ಬೆರಳಿಟ್ಟು ತೋರಿಸಿದ. ಯಾವ ಕೈಪಿಡಿಯಲ್ಲೂ ನಾನು ಇದನ್ನು ಓದಿರಲಿಲ್ಲ. ಎರಡನ್ನೂ ತಿದ್ದಿದೆ. ಅಕ್ಕ ಜಗಲಿಯ ಅಳತೆಯನ್ನು ಮಾರಿನಲ್ಲಿ ಲೆಕ್ಕ ಹಾಕಿ, ಸಾಕು ಎಂದರು.

ಜ್ಯೂರಿಯ ದಿನ ನನ್ನ ಪಕ್ಕದ ಗೋಡೆಯಲ್ಲಿ ತರಗತಿಯ ಮೊದಲ ರ‍್ಯಾಂಕಿನವನ ಹಾಳೆಗಳಿದ್ದವು. ಹತ್ತು ಅಂತಸ್ತಿನ ಮೂರು ಗೋಪುರ, ನಡುವೆ ಬಯಲು, ಬಯಲಿನಲ್ಲಿ ಆಂಫಿಥಿಯೇಟರು. ಆಂಫಿಥಿಯೇಟರು ಇಲ್ಲದ ವಿದ್ಯಾರ್ಥಿ ಯೋಜನೆಯನ್ನು ನಾನು ಈವರೆಗೆ ಹೆಚ್ಚು ಕಂಡಿಲ್ಲ. ಯಾರು ನಾಟಕ ಆಡುತ್ತಾರೆಂದು ಯಾರೂ ಕೇಳುವುದಿಲ್ಲ. ಅವನ ಚಿತ್ರದಲ್ಲಿ ಹಳಿ ಬದಿಯ ಓಣಿಯೊಳಗೆ ಬಿಳಿ ಹುಡುಗಿಯೊಬ್ಬಳು ಬಲೂನು ಹಿಡಿದು ನಡೆಯುತ್ತಿದ್ದಳು.

ನನ್ನ ಸರದಿ ಬಂದಾಗ ಹೊರಗಿನಿಂದ ಬಂದವರು ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಕಾನ್ಸೆಪ್ಟ್ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಾಡಿಯ ವಿಷಯ ಹೇಳಿದೆ. ಗಾಡಿಗಳಿಗೆ ಬೇಸ್‌ಮೆಂಟ್ ಕೊಡಬಹುದಿತ್ತಲ್ಲ, ನೆಲವನ್ನು ಖಾಲಿ ಬಿಡಬಹುದಿತ್ತಲ್ಲ ಎಂದರು. ತುಂಬಿದ ಗಾಡಿಯನ್ನು ಬೆಳಗಿನ ಜಾವ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುವ ಹೆಂಗಸಿನ ತೋಳು ನನ್ನ ಕಣ್ಣಮುಂದಿತ್ತು, ಇಂಗ್ಲಿಷ್ ಮಾತ್ರ ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಶುರುಮಾಡಿದೆ. ಸರ್‌ಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಎಂದು ನಮ್ಮ ಅಧ್ಯಾಪಕರೇ ತಡೆದರು. ಹೊರಗಿನವರು ಪೆನ್ನಿನ ತುದಿಯಿಂದ ಮಾಡೆಲಿನ ಸೂರನ್ನು ಎಬ್ಬಿಸಿದರು. ಅಂಟು ಬಿಟ್ಟಿತು, ಪಡಸಾಲೆಯ ಸಾಲು ಪೂರ್ತಿ ಕಿತ್ತುಬಂತು. ಇದು ಕಂಟ್ರ್ಯಾಕ್ಟರ್ ನಕ್ಷೆ ಇದ್ದಂತಿದೆ, ಆರ್ಕಿಟೆಕ್ಚರ್ ಅಲ್ಲ ಎಂದು ಹೇಳಿ ಮುಂದಿನ ಗೋಡೆಗೆ ಹೋದರು. ಹಿಂದೆ ಯಾರೋ ನಕ್ಕರು.

ಫಲಿತಾಂಶ ಬಂದ ಮೇಲೆ ಅಪ್ಪನಿಗೆ ಫೋನಿನಲ್ಲಿ ಹೇಳಲು ಆಗದೆ ಊರಿಗೇ ಹೋದೆ. "ಮನಿ ಬಿದ್ದಿಲ್ಲಲ್ಲ, ಮತ್ತ ಕಟ್ಟಿದ್ರಾತು" ಎಂದ. ಅವ್ವ ಒಂದು ವಾರ ಮಾತಾಡಲಿಲ್ಲ. ಸಾಲದ ಕಂತು ಮುಂದೂಡಲು ಬ್ಯಾಂಕಿಗೆ ಓಡಾಡಿದ್ದು, ಹಾಸ್ಟೆಲ್ ಬಿಡಿಸಿದ್ದು, ಜೊತೆಯವರು ಮುಂದಿನ ಸೆಮಿಸ್ಟರಿಗೆ ಹೋಗಿದ್ದು, ಇವನ್ನು ಬೆಳೆಸಿ ಬರೆಯುವುದು ಬೇಡ. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ಆಟೊಕ್ಯಾಡ್ ನಕ್ಷೆ ಎಳೆಯುವ ಕೆಲಸಕ್ಕೆ ಸೇರಿಕೊಂಡೆ. ರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಇಬ್ಬರು ಗೆಳತಿಯರು ಇಲ್ಲದಿದ್ದರೆ ಓದು ಬಿಟ್ಟೇಬಿಡುತ್ತಿದ್ದೆ. ಹಾಗೆ ಬಿಟ್ಟ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ನನಗಿಂತ ಚೆನ್ನಾಗಿ ಬರೆಯುತ್ತಿದ್ದ.

2017ರ ಆಗಸ್ಟಿನಲ್ಲಿ ಮತ್ತೆ ಏಳನೆಯ ಸೆಮಿಸ್ಟರು. ಬೇರೆ ಸೈಟು, ಅದೇ ಮೂವತ್ತು ಚದರ ಮೀಟರು. ಈ ಸಲ ಮೊದಲ ಹಾಳೆಯಲ್ಲಿ 'ಹರಿವು' ಎಂದು ಬರೆದು, ನದಿಯ ಫೋಟೊ ಹಾಕಿ, ಹಿಂದಿನ ವರ್ಷದ ಕಟ್ಟಡಗಳನ್ನೇ ಮೂವತ್ತು ಡಿಗ್ರಿ ತಿರುಗಿಸಿ ನಿಲ್ಲಿಸಿದೆ. ಒಂದು ಆಂಫಿಥಿಯೇಟರೂ ಇಟ್ಟೆ. ಒಳ್ಳೆಯ ಅಂಕ ಬಂತು. ಮರುವರ್ಷ ಮಾರ್ಚಿನಲ್ಲಿ ದೋಶಿಯವರಿಗೆ ಆರ್ಕಿಟೆಕ್ಚರಿನ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತೀಯರೊಬ್ಬರಿಗೆ ಅದು ಸಂದದ್ದು ಮೊದಲ ಸಲ. ಕಾಲೇಜಿನಲ್ಲಿ ಸಿಹಿ ಹಂಚಿದರು. ನನ್ನನ್ನು ಕನ್ನಡದಲ್ಲಿ ಮಾತಾಡದಂತೆ ತಡೆದ ಅಧ್ಯಾಪಕರೇ ಅರಣ್ಯ ಬಡಾವಣೆಯ ಚಿತ್ರ ಹಾಕಿ, ಪಾಯ ಮತ್ತು ನಲ್ಲಿ ಕೊಟ್ಟು ಉಳಿದದ್ದನ್ನು ಜನರಿಗೆ ಬಿಡುವುದೇ ದೊಡ್ಡ ವಿನ್ಯಾಸ ಎಂದು ಒಂದು ಗಂಟೆ ಪಾಠ ಮಾಡಿದರು. ಪಾಠ ಚೆನ್ನಾಗಿತ್ತು. ನಾನು ನೋಟ್ಸ್ ಬರೆದುಕೊಂಡೆ.

2019ರಲ್ಲಿ ಓದು ಮುಗಿಯಿತು. ಈಗ ನಾನೂ ಆರ್ಕಿಟೆಕ್ಟ್, ಕೆಲವೊಮ್ಮೆ ಕಾಲೇಜುಗಳು ಹೊರಗಿನ ಜ್ಯೂರಿಗೆ ಕರೆಯುತ್ತವೆ. ಹೋದರೆ ಗೌರವಧನ ಕೊಡುತ್ತಾರೆ, ಟ್ಯಾಕ್ಸಿ ಖರ್ಚು ಕೊಡುತ್ತಾರೆ, ಊಟ ಹಾಕುತ್ತಾರೆ. ಸ್ಟುಡಿಯೊ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ವಸತಿ ಸ್ಟುಡಿಯೊದ ಜ್ಯೂರಿಗೆ ಆ ಸೈಟಿನಲ್ಲಿ ವಾಸವಿರುವ ಒಬ್ಬರನ್ನಾದರೂ ಕರೆಸಿ. ಅವರ ಆ ದಿನದ ಕೂಲಿ ತಪ್ಪುತ್ತದೆ, ನಮಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ. ಮಾತು ಅವರ ಭಾಷೆಯಲ್ಲಿ ನಡೆಯಲಿ, ಅರ್ಥವಾಗದ ಜ್ಯೂರಿಯವರಿಗೆ ವಿದ್ಯಾರ್ಥಿಗಳು ಇಂಗ್ಲಿಷಿಗೆ ಹೇಳಿಕೊಡಲಿ. ಮತ್ತೆ, ಅಂಕ ಹಾಕುವ ಹಾಳೆಯಲ್ಲಿ ಅವರಿಗೂ ಒಂದು ಕಾಲಂ ಇರಲಿ.