ಮೆಸ್ಸಿನ ಹುಡುಗನ ಓಟು

ದಾವಣಗೆರೆಯ ನಮ್ಮ ಹಾಸ್ಟೆಲಿನಲ್ಲಿ 1989ರ ಹೊತ್ತಿಗೆ ಇದ್ದದ್ದು ಒಂದೇ ಗಿಟಾರ್. ಅದರಲ್ಲೂ ಆರು ತಂತಿಯ ಜಾಗದಲ್ಲಿ ನಾಲ್ಕು. ತಂತಿ ಹರಿದರೆ ಬೆಂಗಳೂರಿಗೆ ಹೋಗುವವರು ಯಾರಾದರೂ ಸಿಗಬೇಕಿತ್ತು. ಹೋದವರು ಮರೆತು ಬರುತ್ತಿದ್ದರು. ಜಗತ್ತಿನಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ರಾಕ್ ರಿಫ್ ಯಾವುದು ಎಂದು ನಾವು ಆರೇಳು ಮಂದಿ ಎರಡು ವರ್ಷ ಜಗಳವಾಡಿದ್ದು ಈ ನಾಲ್ಕು ತಂತಿ, ಒಂದು ಟೇಪ್ ರೆಕಾರ್ಡರ್ ಮತ್ತು ಒಂದೇ ಒಂದು ಕ್ಯಾಸೆಟ್ ಮುಂದಿಟ್ಟುಕೊಂಡು. ನಮ್ಮ ತಿಳಿವಳಿಕೆಯೂ ಅಷ್ಟೇ ಇತ್ತು ಅನ್ನುವುದು ಆಗ ಗೊತ್ತಿರಲಿಲ್ಲ.

ರಿಫ್ ಅಂದರೆ ಪಲ್ಲವಿ ಅಲ್ಲ. ಪಲ್ಲವಿಗೆ ಮೊದಲೇ ಬಂದು ಬಾಗಿಲು ತಟ್ಟಿ, ಹಾಡು ಮುಗಿದ ಮೇಲೂ ಮನೆ ಬಿಟ್ಟು ಹೋಗದ ನಾಲ್ಕಾರು ಸ್ವರಗಳ ಗೊಂಚಲು. ಗಾಯಕ ಸುಮ್ಮನಿದ್ದರೂ ಹಾಡು ಯಾವುದೆಂದು ಅದು ಹೇಳಿಬಿಡುತ್ತದೆ. ರಾಕ್ ಸಂಗೀತದ ಅರ್ಧ ವ್ಯಾಪಾರ ನಡೆಯುವುದೇ ಇದರ ಮೇಲೆ.

ಕ್ಯಾಸೆಟ್ ತೊಂಬತ್ತು ನಿಮಿಷದ್ದು. ಒಂದು ಕಡೆ ಡೀಪ್ ಪರ್ಪಲ್‌ನ 1972ರ 'ಮಷೀನ್ ಹೆಡ್', ಇನ್ನೊಂದು ಕಡೆ ಬ್ಲ್ಯಾಕ್ ಸ್ಯಾಬತ್‌ನ 1970ರ 'ಪ್ಯಾರನಾಯ್ಡ್'. 'ಮಷೀನ್ ಹೆಡ್' ಮುಗಿದ ಮೇಲೆ ಏಳೆಂಟು ನಿಮಿಷದ ಟೇಪು ಉಳಿಯುತ್ತದೆ. ಉಳಿದ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬಿ ಕೊಡುವುದು ಆಗಿನ ರೆಕಾರ್ಡಿಂಗ್ ಅಂಗಡಿಗಳ ರೂಢಿ. ನಮಗೆ ತುಂಬಿಕೊಟ್ಟದ್ದು ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್‌ಫ್ಯಾಕ್ಷನ್'. ಕವರಿನ ಮೇಲೆ ಅದನ್ನು ಬರೆದಿರಲಿಲ್ಲ. ಒಂದು ವರ್ಷ ಅದೂ ಡೀಪ್ ಪರ್ಪಲ್‌ನದೇ ಎಂದು ನಂಬಿಕೊಂಡಿದ್ದೆವು. ಹಾಡಿದವನ ಗಂಟಲು ಬೇರೆ ಇದೆಯಲ್ಲ ಎಂದು ಒಬ್ಬ ತಕರಾರು ತೆಗೆದಾಗ, ಅವತ್ತು ನೆಗಡಿ ಆಗಿರಬೇಕು ಎಂದು ತೀರ್ಮಾನವಾಯಿತು. ಆ ಹಾಡು ಶುರುವಾದೊಡನೆ ಬರುವ ಪರಪರ ಶಬ್ದ ಕೇಳಿ ಸ್ಪೀಕರ್ ಹರಿದಿದೆ ಎಂದು ಎರಡು ಸಲ ರೆಕಾರ್ಡರ್ ಬಿಚ್ಚಿಯೂ ನೋಡಿದ್ದೆವು.

ಹಾಸ್ಟೆಲಿನಲ್ಲಿ ಊರೇ ಹೆಸರು. ವಾದದಲ್ಲಿ ಬಳ್ಳಾರಿ ಒಂದು ಕಡೆ, ಮಂಗಳೂರು ಇನ್ನೊಂದು ಕಡೆ, ನಡುವೆ ಮೈಸೂರು. ಮಂಗಳೂರಿನವನಿಗೆ ವೇಗವೇ ಮಾನದಂಡ: 'ಹೈವೇ ಸ್ಟಾರ್' ಬಿಟ್ಟರೆ ಬೇರೆ ಮಾತಿಲ್ಲ. "ವೇಗ ಬೇಕಂದ್ರ ಬಸ್ ಹತ್ತಲೇ, ಗಿಟಾರ್ ಯಾಕ?" ಎಂದು ಬಳ್ಳಾರಿಯವನು ಬಾಯಿ ಮುಚ್ಚಿಸುತ್ತಿದ್ದ. ಅವನಿಗೆ ಬೇಕಾದದ್ದು ತೂಕ. 'ಐರನ್ ಮ್ಯಾನ್' ಹಾಕಿ, ಧ್ವನಿ ಏರಿಸಿ, ಮಂಚದ ಮೇಲೆ ಕೂತು, "ಇದು ರಿಫ್ ಅಲ್ಲ, ರೋಡ್ ರೋಲರ್" ಅನ್ನುತ್ತಿದ್ದ. ಕರೆಂಟ್ ಹೋದರೆ ಅವನ ವಾದಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಯಾಕೆಂದರೆ ಆಗ ರೆಕಾರ್ಡರ್ ಬ್ಯಾಟರಿಯ ಮೇಲೆ ಓಡಬೇಕು, ಹಳೆಯ ಬ್ಯಾಟರಿಯಲ್ಲಿ ಟೇಪು ನಿಧಾನವಾಗಿ ಸುತ್ತುತ್ತದೆ, ಶ್ರುತಿ ಕೆಳಗಿಳಿಯುತ್ತದೆ. ಕತ್ತಲೆಯಲ್ಲಿ, ಅರ್ಧ ಸ್ವರ ಇಳಿದು, ಕಾಲೆಳೆಯುತ್ತ ಬರುವ ಆ ಸದ್ದು ನಿಜಕ್ಕೂ ಭಯ ಹುಟ್ಟಿಸುವಂತಿತ್ತು. ಮೂರು ನಾಲ್ಕು ಮಂದಿ ಬಳ್ಳಾರಿಯ ಪಕ್ಷ ಸೇರಿದ್ದು ಇಂಥ ರಾತ್ರಿಗಳಲ್ಲೇ. ಅವರ ಓಟಿನಲ್ಲಿ ಅರ್ಧ ಬ್ಯಾಟರಿಗೆ ಸಲ್ಲಬೇಕು.

ನನ್ನದು 'ಸ್ಮೋಕ್ ಆನ್ ದ ವಾಟರ್'. ಕಾರಣ ಬಹಳ ಸರಳ: ನನಗೆ ನುಡಿಸಲು ಬರುತ್ತಿದ್ದದ್ದು ಅದೊಂದೇ. ದಪ್ಪ ತಂತಿಯೊಂದರ ಮೇಲೇ ಅದು ಮುಗಿಯುತ್ತದೆ. ಸೊನ್ನೆ, ಮೂರು, ಐದು ಎಂದು ಫ್ರೆಟ್ ಎಣಿಸುತ್ತ ಹೋದರೆ ಸಾಕು, ಮನೆಯ ಫೋನ್ ನಂಬರಿನಂತೆ ಬಾಯಿಪಾಠವಾಗುತ್ತದೆ. ಮೈಸೂರಿನವನ ತಾಯಿ ವೀಣೆ ಟೀಚರು. ಅವನು ಕೇಳಿದ ಕೂಡಲೇ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಸ್ವರ ಬರೆದ. ಮೊದಲ ಹೆಜ್ಜೆಯಲ್ಲಿ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಎರಡನೆಯದರಲ್ಲಿ ಮಧ್ಯಮ ದಾಟಿ ಪ್ರತಿ ಮಧ್ಯಮ ಮುಟ್ಟಿ ಹಿಂದಕ್ಕೆ ಬರುತ್ತದೆ. ಮೂರನೆಯದರಲ್ಲಿ ಮನೆಗೆ ವಾಪಸ್. ಒಟ್ಟು ಹನ್ನೆರಡು ಸಲ ಮೀಟಿದರೂ ಸ್ವರಗಳು ನಾಲ್ಕೇ. "72 ಮೇಳಕರ್ತದಲ್ಲಿ ಒಂದರಲ್ಲೂ ಎರಡು ಮಧ್ಯಮ ಜೊತೆಗೆ ಬರಲ್ಲ ಕಣ್ರೋ, ಇದು ಯಾವ ಶಾಸ್ತ್ರ?" ಎಂದು ಅವನು ಮೂಗು ಮುರಿದ. ಲಲಿತ್ ರಾಗದಲ್ಲಿ ಬರುತ್ತವೆ, ಅಲ್ಲೂ ಪಂಚಮ ಇಲ್ಲ, ಇಲ್ಲೂ ಇಲ್ಲ ಎಂದು ಧಾರವಾಡದವನೊಬ್ಬ ಬಾಗಿಲಲ್ಲೇ ನಿಂತು ಹೇಳಿ ಹೋದ. ಗಾಂಧಾರ ಬೇರೆಯಲ್ಲವೇನೋ ಎಂದು ಮೈಸೂರಿನವನು ಅವನ ಹಿಂದೆ ಓಡಿದ. ಅವತ್ತಿನ ಸಂಜೆ ಪೂರ್ತಿ ಹಾಳಾಯಿತು.

ಜಗಳಕ್ಕೆ ಒಂದು ತೀರ್ಪು ಸಿಕ್ಕಿದ್ದು ಮೆಸ್ಸಿನಲ್ಲಿ. ಸಾರು ಬಡಿಸುತ್ತಿದ್ದ ಹುಡುಗನಿಗೆ ಹದಿಮೂರೋ ಹದಿನಾಲ್ಕೋ ವರ್ಷ. ಬಕೆಟ್ಟು ಹಿಡಿದು ಸಾಲಿನುದ್ದಕ್ಕೂ ಬರುವಾಗ, ಸೌಟಿನ ಒಂದೊಂದು ಸುರಿತಕ್ಕೆ ಒಂದೊಂದು ಸ್ವರದಂತೆ ಬಾಯಲ್ಲೇ "ಡೋಂ ಡೋಂ ಡೋಂ" ಎನ್ನುತ್ತ ಬಂದ. ಎರಡನೆಯ ಹೆಜ್ಜೆಯ ಪ್ರತಿ ಮಧ್ಯಮವೂ ಸರಿಯಾದ ಜಾಗದಲ್ಲಿ ಬಿತ್ತು. ಏನೋ ಇದು ಎಂದರೆ, "ನಿಮ್ ರೂಮಿಂದೇ ಅಲ್ಲೇನ್ರಿ ಸಾರ್" ಅಂದ. ಅದು ಹಾಡು ಎಂದೇ ಅವನಿಗೆ ಗೊತ್ತಿರಲಿಲ್ಲ, ನಮ್ಮ ರೂಮಿನಿಂದ ಬರುವ ಸದ್ದು, ಅಷ್ಟೇ. 'ಐರನ್ ಮ್ಯಾನ್' ಕೂಡ ಅದೇ ರೂಮಿನಿಂದ, ಅದಕ್ಕಿಂತ ಜೋರಾಗಿ ದಿನವೂ ಕೇಳಿಸುತ್ತಿತ್ತು. ಅದು ಅವನ ಬಾಯಿಗೆ ಬಂದಿರಲಿಲ್ಲ. ಬಳ್ಳಾರಿಯವನು ಅವತ್ತು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ. ಹುಡುಕಲು ಹೋಗಿಲ್ಲ. ಆ ವಯಸ್ಸಿನವನು ಶಾಲೆ ಬಿಟ್ಟು ನಮಗೆ ಯಾಕೆ ಬಡಿಸುತ್ತಿದ್ದ ಎಂದು ಆಗ ಕೇಳಿದವರೂ ನಾವಲ್ಲ.

ಕಾಲೇಜು ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಪುಸ್ತಕ, ಪತ್ರಿಕೆ ಸಿಗತೊಡಗಿದವು. ನಮ್ಮ ವಾದಗಳು ಒಂದೊಂದಾಗಿ ಉದುರಿದವು. 'ಸ್ಯಾಟಿಸ್‌ಫ್ಯಾಕ್ಷನ್'ನ ಪರಪರ ಶಬ್ದ ಹರಿದ ಸ್ಪೀಕರಿನದಲ್ಲ, ಮ್ಯಾಸ್ಟ್ರೊ ಫಝ್-ಟೋನ್ ಎಂಬ ಪುಟ್ಟ ಪೆಟ್ಟಿಗೆಯದು. ಆದರೆ ನಮ್ಮ ಗುಮಾನಿ ಅದಕ್ಕಿಂತ ಒಂದು ವರ್ಷ ಮೊದಲಿನ ಬೇರೊಂದು ಹಾಡಿನ ಮಟ್ಟಿಗೆ ನಿಜವಾಗಿತ್ತು: 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ 'ಯು ರಿಯಲಿ ಗಾಟ್ ಮಿ'ಗಾಗಿ ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಕುಯ್ದೇ ಆ ಒರಟು ಸದ್ದು ಹೊರಡಿಸಿದ್ದು.

ನನಗೆ ಹೆಚ್ಚು ತಲೆ ಕೆಡಿಸಿದ್ದು ಬೇರೆ. ರಿಫ್ ಕಟ್ಟಿದವರಿಗೇ ಅದರ ಬೆಲೆ ಗೊತ್ತಿರುವುದಿಲ್ಲ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 1965ರಲ್ಲಿ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು 'ಸ್ಯಾಟಿಸ್‌ಫ್ಯಾಕ್ಷನ್'ನ ಪಂಚಮ, ಧೈವತ, ನಿಷಾದ ಎಂಬ ಮೂರೇ ಸ್ವರ ರೆಕಾರ್ಡ್ ಮಾಡಿ ಮತ್ತೆ ಮಲಗಿದ. ಟೇಪಿನ ಉಳಿದ ಭಾಗದಲ್ಲಿದ್ದದ್ದು ಅವನ ಗೊರಕೆ. ಅದನ್ನು ತುತ್ತೂರಿಗಳು ನುಡಿಸಬೇಕು, ಗಿಟಾರಿನದು ಬರೀ ಕರಡು ಎಂದು ಅವನ ಎಣಿಕೆ. ಅದೇ ವರ್ಷ ಓಟಿಸ್ ರೆಡಿಂಗ್ ತುತ್ತೂರಿ ಹಾಕಿಯೇ ಹಾಡಿದ, ಆದರೂ ಜನ ಹಿಡಿದುಕೊಂಡದ್ದು ಕರಡನ್ನೇ. ಗನ್ಸ್ ಎನ್ ರೋಸಸ್‌ನ ಸ್ಲ್ಯಾಶ್ 'ಸ್ವೀಟ್ ಚೈಲ್ಡ್ ಓ ಮೈನ್'ನ ಆರಂಭವನ್ನು ಬೆರಳು ಪಳಗಿಸುವ ತಮಾಷೆಯೆಂದು ನುಡಿಸುತ್ತಿದ್ದ.

ಡೀಪ್ ಪರ್ಪಲ್ ಕಥೆ ಇನ್ನೂ ಸ್ವಾರಸ್ಯದ್ದು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ, ಫ್ರಾಂಕ್ ಝಾಪಾನ ಕಛೇರಿ ನಡೆಯುವಾಗ ಪ್ರೇಕ್ಷಕನೊಬ್ಬ ಹಾರಿಸಿದ ಫ್ಲೇರ್‌ನಿಂದ ಕ್ಯಾಸಿನೊ ಸುಟ್ಟುಹೋಯಿತು. ಇವರು ಆಲ್ಬಂ ಮಾಡಬೇಕೆಂದು ಬಂದಿದ್ದ ಜಾಗವೇ ಅದು. ಬೇರೊಂದು ಸಭಾಂಗಣ ಹಿಡಿದು ನುಡಿಸಲು ಶುರುಮಾಡಿದರು. ಸದ್ದು ತಾಳಲಾರದೆ ಊರವರು ದೂರು ಕೊಟ್ಟರು, ಪೊಲೀಸರು ಬಂದು ಬಾಗಿಲು ಬಡಿದರು. ಅಷ್ಟರೊಳಗೆ ಒಂದು ಹಾಡಿನ ವಾದ್ಯಭಾಗ ಮಾತ್ರ ರೆಕಾರ್ಡ್ ಆಗಿತ್ತು. ಉಳಿದದ್ದನ್ನೆಲ್ಲ ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಮಾಡಿಕೊಂಡರು. ಪೊಲೀಸರು ಬರುವ ಮುಂಚೆ ಮುಗಿದ ಆ ಒಂದೇ ತುಣುಕು 'ಸ್ಮೋಕ್ ಆನ್ ದ ವಾಟರ್'ನದು. ಆದರೂ ಆಲ್ಬಂನಿಂದ ಮೊದಲ ಸಿಂಗಲ್ ಆಗಿ ಅವರು ಆರಿಸಿದ್ದು 'ನೆವರ್ ಬಿಫೋರ್' ಎಂಬ ಹಾಡನ್ನು. ನಮ್ಮ ಕ್ಯಾಸೆಟ್ಟಿನಲ್ಲೂ ಅದು ಇತ್ತು, ಅದು ಹೇಗಿತ್ತೆಂದು ನನಗೆ ನೆನಪಿಲ್ಲ. 'ಸ್ಮೋಕ್' ಸಿಂಗಲ್ ಆಗಿ ಬಂದದ್ದು 1973ರಲ್ಲಿ, ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು.

ಜೊತೆಗೆ ಇನ್ನೊಂದು ಮುಖಭಂಗ. ನಾನು ಎರಡು ವರ್ಷ ನುಡಿಸಿದ್ದು ತಪ್ಪು. ಡೀಪ್ ಪರ್ಪಲ್‌ನ ಗಿಟಾರಿಗ ರಿಚಿ ಬ್ಲ್ಯಾಕ್‌ಮೋರ್ 'ಸ್ಮೋಕ್' ಅನ್ನು ಒಂಟಿ ತಂತಿಯಲ್ಲಿ ನುಡಿಸುವುದಿಲ್ಲ. ಷಡ್ಜದ ಜೊತೆ ಮಂದ್ರ ಪಂಚಮ, ಹಾಗೆಯೇ ಪ್ರತಿ ಸ್ವರದ ಕೆಳಗೂ ಅಷ್ಟೇ ಅಂತರದ ಇನ್ನೊಂದು ಸ್ವರ, ಎರಡೂ ಒಟ್ಟಿಗೆ. ಪಿಕ್ ಕೂಡ ಬಳಸುವುದಿಲ್ಲ, ಎರಡು ತಂತಿಗಳನ್ನು ಬೆರಳಿನಲ್ಲೇ ಒಂದೇ ಸಲಕ್ಕೆ ಎಳೆದು ಬಿಡುತ್ತಾನೆ. ಮೇಲಿಂದ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ ಅದನ್ನೇ ಹಿಂಬಾಲಿಸುತ್ತದೆ. ಇಷ್ಟೆಲ್ಲ ಬಿಟ್ಟು, ಒಂದೇ ತಂತಿಯಲ್ಲಿ, ಶ್ರುತಿ ತಪ್ಪಿದ ಗಿಟಾರಿನಲ್ಲಿ ನುಡಿಸಿದರೂ ಸಾರಿನ ಬಕೆಟ್ಟಿನವರೆಗೆ ಅದು ಉಳಿದು ಬಂತಲ್ಲ. ನನ್ನ ಲೆಕ್ಕದಲ್ಲಿ ರಿಫ್‌ಗೆ ಬೇಕಾದ ಗಟ್ಟಿತನ ಅದು. ವೇಗದ ರಿಫ್ ತಪ್ಪಾಗಿ ನುಡಿಸಿದರೆ ಏನೂ ಉಳಿಯುವುದಿಲ್ಲ.

ಬಳ್ಳಾರಿಯವನಿಗೂ ಅವನ ಪಾಲು ಕೊಡಬೇಕು. ಬ್ಲ್ಯಾಕ್ ಸ್ಯಾಬತ್‌ನ ಗಿಟಾರಿಗ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ, ಕೆಲಸ ಬಿಡುವ ಕೊನೆಯ ದಿನ, ಹದಿನೇಳರ ಹರೆಯದಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಅವನು ಎಡಚ, ತಂತಿ ಒತ್ತುವ ಕೈ ಅದೇ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತಂತಿ ತೆಳುವಾದದ್ದು ಹಾಕಿಕೊಂಡ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂನ ಹಲವು ಹಾಡುಗಳಲ್ಲಿ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನು ಒಂದೂವರೆ ಸ್ವರ ಕೆಳಗಿಳಿಸಿದ. ನಮ್ಮ ಹಳೆಯ ಬ್ಯಾಟರಿ ಮಾಡುತ್ತಿದ್ದದ್ದನ್ನು ಅವನು ಬೇಕೆಂದೇ ಮಾಡಿದ್ದ! ಕೊರತೆಯಿಂದಲೇ ಕಲೆ ಹುಟ್ಟುತ್ತದೆ ಎಂಬ ಮಾತಿಗೆ ಇವನನ್ನು ಉದಾಹರಣೆ ಕೊಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಬೆರಳು ಕಳೆದುಕೊಂಡ ಕಾರ್ಮಿಕರು ಬೇಕಾದಷ್ಟು ಮಂದಿ ಇದ್ದಿರಬೇಕು, ಅಯೋಮಿ ಆದವನು ಒಬ್ಬನೇ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಬಳ್ಳಾರಿಯವನೂ ನಾನೂ ಹೋಗಿದ್ದೆವು. ಇಬ್ಬರಿಗೂ ಹೊಟ್ಟೆ ಬಂದಿತ್ತು, ಹಿಂದೆ ನಿಂತೆವು. "ನೋಡಲೇ, ಇದು ಅಷ್ಟೂ ನನ್ನ ಮನುಷ್ಯನ ಸಂಸಾರ" ಅಂದ ಕಿವಿಯ ಹತ್ತಿರ ಕೂಗಿ. ಸುಳ್ಳಲ್ಲ. ವಂಶ ಬೆಳೆಸಿದ್ದು ಯಾರು ಎಂದು ಕೇಳಿದರೆ ಅಯೋಮಿಗೆ ಎದುರಿಲ್ಲ, ಒಪ್ಪಿಕೊಂಡೆ. ಆದರೆ ನಮ್ಮ ಜಗಳ ವಂಶದ್ದಾಗಿರಲಿಲ್ಲ.

ಈಗ ಅಕ್ಕನ ಮಗ ನಮ್ಮಲ್ಲಿದ್ದು ಕಾಲೇಜಿಗೆ ಹೋಗುತ್ತಾನೆ. ಅವನ ಗಿಟಾರಿಗೆ ಆರೂ ತಂತಿ ಇವೆ. ಫೋನಿನಲ್ಲಿ ನೋಡಿ, ವೇಗ ಅರ್ಧಕ್ಕಿಳಿಸಿ, 'ಸ್ವೀಟ್ ಚೈಲ್ಡ್' ಅನ್ನು ಒಂದು ವಾರದಲ್ಲಿ ಕಲಿತ. ಶ್ರುತಿ ಸರಿ, ಬೆರಳು ಸರಿ. ನಾನು ಎರಡು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ನಮ್ಮ ಕಾಲವೇ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಶ್ರೇಷ್ಠ ರಿಫ್ ಯಾವುದೋ ಎಂದು ಕೇಳಿದೆ. 2014ರಲ್ಲಿ ಬಿಬಿಸಿ ರೇಡಿಯೊ 2ರ ಕೇಳುಗರ ಮತದಲ್ಲಿ ಲೆಡ್ ಝೆಪೆಲಿನ್‌ನ 'ಹೋಲ್ ಲಾಟಾ ಲವ್' ಗೆದ್ದಿದೆ ಎಂದು ಫೋನ್ ನೋಡಿ ಹೇಳಿದ. 'ಸ್ಮೋಕ್' ನಾಲ್ಕನೆಯದು. ಝೆಪೆಲಿನ್ ನಮ್ಮ ಚುನಾವಣೆಗೆ ನಿಂತಿರಲೇ ಇಲ್ಲ, ಕ್ಯಾಸೆಟ್ಟಿನಲ್ಲಿ ಜಾಗವಿರಲಿಲ್ಲ.

"ನಿನ್ನ ಓಟು?"

"ಗೊತ್ತಿಲ್ಲ ಮಾಮ. ಫುಟ್‌ಬಾಲ್ ಮ್ಯಾಚಲ್ಲಿ ಹಾಡ್ತಾರಲ್ಲ, ಅದು."

ವೈಟ್ ಸ್ಟ್ರೈಪ್ಸ್‌ನ 'ಸೆವೆನ್ ನೇಷನ್ ಆರ್ಮಿ', 2003. ಜ್ಯಾಕ್ ವೈಟ್‌ಗೆ ಅದು ಹೊಳೆದದ್ದು ಮೆಲ್ಬರ್ನ್‌ನಲ್ಲಿ ಕಛೇರಿಗೆ ಮುಂಚೆ ಮೈಕು ಪರೀಕ್ಷೆ ಮಾಡುವಾಗ. ಬೆಲ್ಜಿಯಂನ ಕ್ಲಬ್ ಬ್ರೂಜ್ ಅಭಿಮಾನಿಗಳ ಬಾಯಿಂದ ಇಟಲಿಗೆ ದಾಟಿ, 2006ರ ವಿಶ್ವಕಪ್ಪಿನ ಹೊತ್ತಿಗೆ ಸ್ಟೇಡಿಯಮ್ಮುಗಳ ಸೊತ್ತಾಯಿತು. ಯಾರದು ಗೊತ್ತೇನೋ ಎಂದರೆ ಹುಡುಗನಿಗೆ ಗೊತ್ತಿಲ್ಲ. ನನಗೆ ಮೆಸ್ಸಿನ ಹುಡುಗ ನೆನಪಾದ. ಯಾರದೆಂದು ತಿಳಿಯದವನು ಹಾಕಿದ ಓಟೇ ಈ ಚುನಾವಣೆಯಲ್ಲಿ ಕುಲಗೆಡದ ಓಟು.

ಒಂದು ತೊಂದರೆ ಇದೆ. ಇವನ ಗಿಟಾರಿನ ಸದ್ದು ಹೆಡ್‌ಫೋನಿನೊಳಗೇ ಉಳಿಯುತ್ತದೆ. ಮನೆಯಲ್ಲಿ ಯಾರ ಬಾಯಿಗೂ ಏನೂ ಅಂಟುವುದಿಲ್ಲ. ಹೋದ ತಿಂಗಳು ಒಂದು ಸಂಜೆ ಅದನ್ನು ಕೀಳಿಸಿ, ಪಿಕ್ ಕಸಿದುಕೊಂಡು, ಎರಡು ತಂತಿ ಬೆರಳಲ್ಲೇ ಎಳೆಯಲು ಹೇಳಿ 'ಸ್ಮೋಕ್' ನುಡಿಸಿಸಿದೆ. ಮೂರನೆಯ ಸುತ್ತಿಗೆ ಇಂಟರ್‌ಕಾಂ ಹೊಡೆದುಕೊಂಡಿತು. ಕೆಳಗಿನ ಮನೆಯವರ ದೂರು, ಸೆಕ್ಯುರಿಟಿಯವರ ಬಾಯಿಂದ. ನಿಲ್ಲಿಸಿದೆವು. ಮಾರನೆ ದಿನ ಲಿಫ್ಟಿನಲ್ಲಿ ಕೆಳಗಿನ ಮನೆಯವರು ಸಿಕ್ಕರು, ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಗುನುಗುತ್ತಿರಲಿಲ್ಲ.