ಚಿನ್ನಿ, ಪೊಂಪೆ ಮತ್ತು ಕರಿಯ

ರೋಮಿನಲ್ಲಿ ಚಿನ್ನಿಯದ್ದು ಒಂದೇ ಹಠ. ದಾರಿಯಲ್ಲಿ ಸಿಗೋ ಪ್ರತಿ 'ನಾಸೋನೆ' ಹತ್ರವೂ ನಿಲ್ಲಬೇಕು. 1874ರಲ್ಲಿ ಶುರುವಾದ ಬೀದಿ ನಲ್ಲಿಗಳು ಇವು. ಕೊಳವೆ ಮೂಗಿನ ಹಾಗಿದೆ ಅಂತ ಆ ಹೆಸರು, ನೀರು ಪುಕ್ಕಟೆ. ಕೊಲೋಸಿಯಮ್ ಕಡೆ ಅವಳು ತಿರುಗಿಯೂ ನೋಡಲಿಲ್ಲ ಬಿಡಿ :)

ಮರುದಿನ ಪೊಂಪೆ. ಪುಟ್ಟ ನಾಯಿಗಳನ್ನು ಒಳಗೆ ಬಿಡ್ತಾರೆ, ಮನೆಗಳೊಳಗೆ ಮಾತ್ರ ಎತ್ತಿಕೊಂಡಿರಬೇಕು. 'ದುರಂತ ಕವಿಯ ಮನೆ' ಅನ್ನೋ ಕಡೆ ಬಾಗಿಲಲ್ಲೇ ಕಲ್ಲಿನ ಚೂರುಗಳಲ್ಲಿ ಮಾಡಿದ ಕರಿ ನಾಯಿ, ಕೆಳಗೆ ಲ್ಯಾಟಿನ್‌ನಲ್ಲಿ 'ನಾಯಿ ಇದೆ, ಎಚ್ಚರಿಕೆ'. ನಕ್ಕು ಫೋಟೋ ತೆಗೆದೆ.

ಆಮೇಲೆ ಇದೇ ಊರಿನ ಇನ್ನೊಂದು ನಾಯಿ ನೆನಪಾಯ್ತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಯಾರೂ ಸರಪಳಿ ಬಿಚ್ಚದೇ ಹೋದ ನಾಯಿ. ಬೂದಿಯಲ್ಲಿ ಉಳಿದಿದ್ದ ಪೊಳ್ಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿದ್ದೂ ಅದೇ 1874ರಲ್ಲಿ. ಕೊರಳಪಟ್ಟಿ ಹಾಗೇ ಇದೆ, ಬೆನ್ನ ಮೇಲೆ ಬಿದ್ದು ಒದ್ದಾಡ್ತಿರೋ ಭಂಗಿ.

ನಾವು ಊರು ಬಿಟ್ಟು ಬೆಂಗಳೂರಿಗೆ ಹೊರಟ ದಿನ ಕರಿಯನನ್ನು ಕೊಟ್ಟಿಗೆ ಕಂಬಕ್ಕೆ ಕಟ್ಟಿದ್ದು ನಾನೇ. ಲಾರಿ ಹಿಂದೆ ಓಡಿ ಬರಬಾರದು ಅಂತ. ಪಕ್ಕದ ಮನೆಯವರು ಸಂಜೆ ಬಿಚ್ಚಿದರಂತೆ. ಆಮೇಲೇನಾಯ್ತು ಅಂತ ನಾನು ಯಾವತ್ತೂ ಕೇಳಲಿಲ್ಲ...

ಕೆಳಗಿಳಿಸು ಅಂತ ಚಿನ್ನಿ ಕುಂಯ್‌ಗುಟ್ಟಿದಳು. ಹೊರಬಾಗಿಲು ದಾಟೋ ತನಕ ಇಳಿಸಲಿಲ್ಲ. ರಾತ್ರಿ ಅಮ್ಮಂಗೆ ಫೋನ್ ಮಾಡಿ ಕರಿಯನ ಬಗ್ಗೆ ಕೇಳಿದೆ. "ಈಗ ಯಾಕೋ ಮಗಾ?" ಅಂದ್ರು.