ಎರಡನೆಯ ಮಹಡಿಯ ಸರದಾರ

ಒಂದೂರಿನ ನೀರು ಒಗ್ಗುವಷ್ಟರಲ್ಲಿ ವರ್ಗದ ಕಾಗದ ಬರುವುದು ನಮಗೇನೂ ಹೊಸದಲ್ಲ. ಮತ್ತೆ ಗಂಟುಮೂಟೆ, ಮತ್ತೆ ಬಾಡಿಗೆ ಮನೆ, ಮಕ್ಕಳಿಗೆ ಮತ್ತೆ ಹೊಸ ಶಾಲೆ. ಆದ್ದರಿಂದಲೇ ಇರಬೇಕು, ಫುಟ್‌ಬಾಲ್ ಎಂದರೆ ಪೆಲೆ, ಮರಡೋನ ಎಂದು ಮಾತು ಮುಗಿಸುವ ನಮಗೂ ಜರ್ಮನಿಯ ಸಿಮೋನ್ ಟೆರೊಡ್ಡೆ ಎಂಬ ಆಟಗಾರ ನೆಂಟನಂತೆ ಕಾಣುತ್ತಾನೆ.

ಜರ್ಮನಿಯ ಫುಟ್‌ಬಾಲನ್ನು ಮಹಡಿ ಮನೆ ಎಂದುಕೊಳ್ಳೋಣ. ಮೇಲಿನ ಅಂತಸ್ತು ಬುಂಡೆಸ್‌ಲೀಗಾ. ಅದರ ಕೆಳಗಿನದು ಎರಡನೆಯ ಬುಂಡೆಸ್‌ಲೀಗಾ. ಎರಡರಲ್ಲೂ 18 ತಂಡಗಳು. ವರ್ಷದ ಕೊನೆಗೆ ಮೇಲಿನ ಕಡೆಯ ಎರಡು ತಂಡಗಳು ಕೆಳಗಿಳಿಯುತ್ತವೆ, ಕೆಳಗಿನ ಮೊದಲ ಎರಡು ಮೇಲೇರುತ್ತವೆ. ಕೆಳಗಿನ ಮೂರನೆಯದು ಮೇಲಿನ ಹದಿನಾರನೆಯದರೊಡನೆ ಸೆಣಸಿ ಅದೃಷ್ಟ ನೋಡಿಕೊಳ್ಳಬೇಕು. ಇಳಿದ ಕ್ಲಬ್ಬಿಗೆ ವರಮಾನ ಕುಗ್ಗುತ್ತದೆ, ಒಳ್ಳೆಯ ಆಟಗಾರರು ಜಾಗ ಬಿಡುತ್ತಾರೆ. ಆಗ ಅದು ಹುಡುಕುವುದು ತಪ್ಪದೆ ಗೋಲು ಹೊಡೆಯುವ ಒಬ್ಬ ನಂಬಿಗಸ್ತನನ್ನು.

ಟೆರೊಡ್ಡೆ ಅಂಥ ನಂಬಿಗಸ್ತ. 1988ರಲ್ಲಿ ಬೋಖೋಲ್ಟ್ ಎಂಬ ಊರಿನಲ್ಲಿ ಹುಟ್ಟಿದವನು. ಡ್ಯೂಸ್‌ಬುರ್ಗ್, ಡ್ಯೂಸೆಲ್‌ಡಾರ್ಫ್, ಕೊಲೋನ್, ಬರ್ಲಿನ್ ಎಂದು ಸುತ್ತಿ 2014ರಲ್ಲಿ ಬೋಖುಮ್ ತಂಡ ಸೇರಿದಾಗ ವಯಸ್ಸು 26. ಮುಂಪಡೆಯ ಆಟಗಾರನ ಹೆಸರು ಅಷ್ಟರಲ್ಲಿ ಬೆಳಗಿರಬೇಕು. ಈತನದು ಅಲ್ಲಿಂದ ಬೆಳಗತೊಡಗಿತು. 2015-16ರಲ್ಲಿ 25 ಗೋಲು. ಮರುವರ್ಷ ಸ್ಟುಟ್‌ಗಾರ್ಟಿಗೆ ಹೋಗಿ ಮತ್ತೆ 25, ತಂಡ ಮೇಲೇರಿತು. 2018ರಲ್ಲಿ ಕೊಲೋನಿಗೆ ಮರಳಿದ. ಆ ವರ್ಷ ತಂಡ ಇಳಿಯಿತು, ಈತ ಅಲ್ಲೇ ಉಳಿದ. 2018-19ರಲ್ಲಿ 29 ಗೋಲು ಹೊಡೆದ. ತಂಡ ಮತ್ತೆ ಮೇಲೇರಿತು. 2020-21ರಲ್ಲಿ ಹ್ಯಾಂಬರ್ಗಿಗಾಗಿ 24 ಗೋಲು ಹೊಡೆದರೂ ಆ ತಂಡ ಕೆಳಗೇ ಉಳಿಯಿತು. ಒಬ್ಬನ ದುಡಿಮೆಯಿಂದಲೇ ಸಂಸಾರ ದಡ ಸೇರುವುದಿಲ್ಲವಷ್ಟೆ!

ಇಷ್ಟಾದರೂ ಮೇಲಿನ ಮಹಡಿ ಈತನಿಗೆ ಒಲಿಯಲಿಲ್ಲ. ಬುಂಡೆಸ್‌ಲೀಗಾದಲ್ಲಿ ಇವನ ಗೋಲುಗಳು ಒಟ್ಟು ಇಪ್ಪತ್ತನ್ನೂ ಮುಟ್ಟಲಿಲ್ಲ. ಜರ್ಮನಿಯ ರಾಷ್ಟ್ರೀಯ ತಂಡದ ಅಂಗಿ ತೊಡುವ ಯೋಗವೂ ಬರಲಿಲ್ಲ. ಇತರರನ್ನು ಏಣಿ ಹತ್ತಿಸಿ, ತಾನು ಹತ್ತಿದಾಗಲೆಲ್ಲ ಕಾಲೂರಲಾಗದೆ ಇಳಿದು ಬರುವ ಮನುಷ್ಯನಿಗೆ ಕಹಿ ಹತ್ತುವುದು ಸುಲಭ. ಈತ ಮಾತ್ರ ಕೆಳಗಿನ ಅಂಗಳಕ್ಕೆ ಬಂದು ಮತ್ತೆ ಕೆಲಸಕ್ಕೆ ತೊಡಗಿದ.

2021ರಲ್ಲಿ ಶಾಲ್ಕೆ ಕ್ಲಬ್ಬು ಈತನನ್ನು ಕರೆಯಿತು. ಅದು ಗೆಲ್ಸೆನ್‌ಕಿರ್ಖೆನ್ ಎಂಬ, ಕಲ್ಲಿದ್ದಲ ಗಣಿಗಳು ಮುಚ್ಚಿಹೋದ ಊರಿನದು. ತಂಡವೂ ಆಗಷ್ಟೇ ಕೆಳಗಿಳಿದಿತ್ತು. ಅದೇ ಅಕ್ಟೋಬರಿನಲ್ಲಿ ಡೀಟರ್ ಶಾಟ್ಸ್‌ಶ್ನೈಡರ್ ಹೆಸರಿನಲ್ಲಿ ಮೂರು ದಶಕಕ್ಕೂ ಮೀರಿ ಉಳಿದಿದ್ದ 153 ಗೋಲುಗಳ ದಾಖಲೆಯನ್ನು ಟೆರೊಡ್ಡೆ ಮುರಿದ. 2022ರ ಮೇ 7ರಂದು ಸೇಂಟ್ ಪೌಲಿ ತಂಡದೆದುರು ಶಾಲ್ಕೆ 0-2ರಿಂದ ಹಿಂದಿತ್ತು. ವಿರಾಮದ ನಂತರ ಈತ ಎರಡು ಗೋಲು ಹೊಡೆದು ಸಮ ಮಾಡಿದ. ಮೂರನೆಯದನ್ನು ಸಲಾಸಾರ್ ಹೊಡೆದ. ಗೆದ್ದ ತಂಡ ಮೇಲಿನ ಮಹಡಿಗೆ ಏರಿತು. ಆ ವರ್ಷ ಟೆರೊಡ್ಡೆಯ ಗೋಲುಗಳು 30. ತಂಡ ಮರುವರ್ಷವೇ ಇಳಿದಾಗ ಈತನೂ ಜೊತೆಗೇ ಇಳಿದು, 2024ರಲ್ಲಿ 36ನೆಯ ವಯಸ್ಸಿಗೆ ಆಟ ಮುಗಿಸಿದ. ಎರಡನೆಯ ಬುಂಡೆಸ್‌ಲೀಗಾದಲ್ಲಿ ಒಟ್ಟು 177 ಗೋಲು. ಅಷ್ಟು ಹೊಡೆದವರು ಇನ್ನೊಬ್ಬರಿಲ್ಲ.

ಪರವೂರಿಗೆ ಬಂದ ನಾವು ಮನುಷ್ಯರನ್ನು ಅಳೆಯುವುದು ಬಹುಮಟ್ಟಿಗೆ ಹುದ್ದೆಯಿಂದ. ಯಾರ ಮಗ ಎಲ್ಲಿ ಸೇರಿದ, ಯಾರ ಅಳಿಯ ಎಷ್ಟು ಮೇಲೇರಿದ ಎಂಬುದೇ ಹಬ್ಬದ ಪಂಕ್ತಿಯ ಮಾತು. ನಲವತ್ತು ವರ್ಷ ಒಂದೇ ಮೇಜಿನಲ್ಲಿ ಕೂತು, ಬಂದುಹೋದ ಅಧಿಕಾರಿಗಳಿಗೆಲ್ಲ ಕೆಲಸ ಕಲಿಸಿಕೊಟ್ಟ ಹೆಡ್ ಕ್ಲಾರ್ಕರು ನಮ್ಮ ನಡುವೆಯೇ ಇದ್ದಾರೆ. ಪಂಕ್ತಿಯ ಮಾತಿನಲ್ಲಿ ಅವರ ಹೆಸರು ಬರುವುದಿಲ್ಲ. ಅವರ ಮಕ್ಕಳು ಅದನ್ನು ಕೇಳುತ್ತ ಊಟ ಮಾಡುತ್ತಿರುತ್ತಾರೆ.

ಮುಂದಿನ ಹಬ್ಬಕ್ಕೆ ಕೂಡಿದಾಗ ಅಂಥವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ರಾಯರೇ, ನಿಮ್ಮ ಕಚೇರಿಯ ಕಥೆ ಹೇಳಿ’ ಎಂದು ಕೇಳೋಣ. ಹುಡುಗರೂ ಕೇಳಲಿ.